ಹನ್ನೊಂದು ಕಿಲೋ

ಒಲೆ ಎಂಬತ್ತು ಡಿಗ್ರಿಗೆ ಬಂದಿದೆ. ಹೊರಗೆ ಮೈನಸ್ ಮೂವತ್ತೆಂಟು.
ನಡುವೆ ಒಂದು ಹಲಗೆ ಗೋಡೆ, ಒಂದು ಕಿಟಕಿ, ನಾನು.
ಕಾರ್ಬನ್ನಿನ ಕಪ್ಪು ಬಟ್ಟೆ ಹಾಸುತ್ತಿದ್ದೇನೆ:
ಒಂದು ಪದರ ಉದ್ದಕ್ಕೆ, ಒಂದು ಅಡ್ಡಕ್ಕೆ, ಒಂದು ಓರೆಗೆ.
ಬೆರಳಿಗೆ ಗಾಳಿಗುಳ್ಳೆ ಸಿಕ್ಕರೆ
ಕೂಸಿನ ಬೆನ್ನು ನೀವಿದ ಹಾಗೆ ನೀವಿ, ನೀವಿ,
ಅಂಚಿಗೆ ತಂದು ಬಿಟ್ಟುಬಿಡುತ್ತೇನೆ.
ಒಂದೇ ಒಂದು ಒಳಗುಳಿದರೂ ಸಾಕು,
ಮಾರ್ಚಿನಲ್ಲಿ, ಯಾವುದೋ ಬೋಳುಗುಡ್ಡದ ಮೇಲೆ
ಅದು ನನ್ನ ಹೆಸರು ಹೇಳುತ್ತದೆ.

ಸ್ಕೂಟರ್ ಅನ್ನುತ್ತೇವೆ ಇದಕ್ಕೆ ಕಾರಾಶೋಕಿನಲ್ಲಿ. ಚಕ್ರವಿಲ್ಲ.
ಮುಂದೆ ಎರಡು ಜಾರುಪಟ್ಟಿ, ಹಿಂದೆ ಹಲ್ಲಿರುವ ರಬ್ಬರ್ ಪಟ್ಟಾ,
ಅದರ ಮೇಲೆ ಬೋರಲು ಹಾಕಿದ ದೋಣಿಯಂಥ ಬೆನ್ನು.
ಬೆನ್ನು, ಮೂತಿ, ಸೀಟಿನ ಬುಡ, ಹಿಡಿಕೆಯ ಕಂಬ
ಅಲ್ಯೂಮಿನಿಯಮ್ಮಿನಲ್ಲಿ ಇಪ್ಪತ್ತಾರು ಕಿಲೋ,
ನನ್ನ ಕೈಯಲ್ಲಿ ಹದಿನೈದು.

ಹನ್ನೊಂದು ಕಿಲೋ ಅಂದರೆ ಏನು ಗೊತ್ತೇ?
ಸೊಂಟದವರೆಗೆ ಹಿಮದಲ್ಲಿ ಹೂತಾಗ
ಯಾರನ್ನೂ ಕೂಗದೆ
ಹಿಂಬದಿ ಎತ್ತಿ ಪಕ್ಕಕ್ಕಿಡಬಹುದು.
ನದಿಯ ಮೇಲಿನ ತೆಳು ಮಂಜುಗಡ್ಡೆ
ಒಂದು ಕ್ಷಣ ಯೋಚಿಸಿ
ಹೋಗು, ಅನ್ನುತ್ತದೆ.

ಹೋದ ವರ್ಷ ಮೊದಲನೆಯದನ್ನು ಆಯ್ಲುವಿಗೆ ಕೊಟ್ಟಿದ್ದೆ.
ಹಿಮದಡಿ ಅಡಗಿದ್ದ ಬಂಡೆಗೆ ಒಮ್ಮೆ ತಾಗಿತಂತೆ.
ಇಳಿದು ನೋಡಿದ: ತಗ್ಗಿಲ್ಲ, ಗೀರಿಲ್ಲ, ಹೊಳಪು ಕೂಡ ಮಾಸಿಲ್ಲ.
ಎರಡು ವಾರ ಕಳೆಯಿತು.
ಸಣ್ಣದೊಂದು ದಿಣ್ಣೆ, ಸಣ್ಣದೊಂದು ನೆಗೆತ,
ಟಕ್.
ಹದಿನೇಳು ಕಿಲೋಮೀಟರ್ ನಡೆದು ಬಂದವನು
ಕಪ್ಪು ಚೂರೊಂದನ್ನು ನನ್ನ ಮೇಜಿನ ಮೇಲಿಟ್ಟ.
"ಇದು ಮೊದಲೇ ಏನೂ ಹೇಳಲಿಲ್ಲ," ಅಂದ. ಅಷ್ಟೇ.

ಅಲ್ಯೂಮಿನಿಯಂ ಹಾಗಲ್ಲ.
ಗೊಣಗುತ್ತದೆ, ಸೊಟ್ಟಗಾಗುತ್ತದೆ,
ಅತ್ತೂ ಕರೆದೂ ಮನೆ ಮುಟ್ಟಿಸುತ್ತದೆ.
ಬೊಡ್ಡೆಯ ಮೇಲಿಟ್ಟು ಕೊಡಲಿಯ ಹಿಂಬದಿಯಲ್ಲಿ ಬಡಿದರೆ
ಮತ್ತೆ ನೆಟ್ಟಗೆ.
ನನ್ನದು ಮುಗುಮ್ಮಾಗಿ ಎಲ್ಲ ನುಂಗಿಕೊಂಡಿದ್ದು
ಒಂದು ದಿನ ಎರಡಾಗುತ್ತದೆ.
ಕೊಯ್ದರೆ ಏಳುವ ಧೂಳು ತೋಳೊಳಗೆ ಹೊಕ್ಕು ವಾರವಿಡೀ ತುರಿಕೆ.
ಇದಕ್ಕೆ ಅಲ್ಯೂಮಿನಿಯಂ ಮೊಳೆ ನೇರ ತಾಗಬಾರದು,
ತಾಗಿದರೆ ತೇವದಲ್ಲಿ ಮೊಳೆ ಸವೆದು ಪುಡಿಯಾಗುತ್ತದೆ;
ನಡುವೆ ಗಾಜುನೂಲಿನ ತೆಳುಪದರ ಇಡಬೇಕು,
ಮುನಿಸಿಕೊಂಡ ನೆಂಟರ ಮಧ್ಯೆ ಅಜ್ಜಿ ಕೂತ ಹಾಗೆ.

ಈ ಸಲ ಹೊಟ್ಟೆಯಡಿ ಎರಡು ಪದರ ಹೆಚ್ಚು ಹಾಕಿದೆ,
ಒಂದು ಲೋಹದ ತಗಡನ್ನೂ.
ಹನ್ನೊಂದರಲ್ಲಿ ಎರಡೂವರೆ ವಾಪಸ್ಸು ಕೊಟ್ಟೆ.
ಯಾರಿಗೆ ಕೊಟ್ಟೆ, ಬಂಡೆಗೋ, ಆಯ್ಲುವಿಗೋ, ನನ್ನ ನಿದ್ದೆಗೋ.

ಶನಿವಾರ ಇಸ್ಸಾತ್ ಮಾವ ಬಂದ. ಹಿಮಸಾರಂಗ ಮೇಯಿಸುವವನು.
(ಎಷ್ಟು ತಲೆ ಎಂದು ಕೇಳಬಾರದು,
ಬ್ಯಾಂಕಿನ ಪುಸ್ತಕ ತೋರಿಸು ಅಂದ ಹಾಗೆ.)
ಮೂತಿಯನ್ನು ಒಂದೇ ಕೈಯಲ್ಲಿ ಎತ್ತಿ ನಕ್ಕ.
ಬೆಲೆ ಹೇಳಿದೆ. ಕೈಗವಸು ಹಾಕಿಕೊಂಡ.
ಆಮೇಲೆ, ಒಂದು ಚಳಿಗಾಲ ನೋಡೋಣ ಎಂದು
ತನ್ನ ಸಾಮಾನು ಕಟ್ಟತೊಡಗಿದ:
ಕೊಡಲಿ, ಸಲಿಕೆ, ಮಸಿ ಹಿಡಿದ ಕಾಫಿ ಕೆಟಲು,
ಹಗ್ಗ, ಬಿಡಿ ಬೆಲ್ಟು, ಒಣಮಾಂಸದ ಚೀಲ,
ನಾಯಿಗೆ ಕೂರಲು ಒಂದು ಚರ್ಮ, ಆಮೇಲೆ ನಾಯಿ.
ತಕ್ಕಡಿ ಮೂಲೆಯಲ್ಲೇ ಇತ್ತು.
ನಾನು ಅತ್ತ ನೋಡಲಿಲ್ಲ.

ಹೊರಡುವ ಮೊದಲು ಕಲಿಸಿಕೊಟ್ಟೆ:
ನಡುವೆ ತೂತಿರುವ ಐದು ಕ್ರೋನರ್ ನಾಣ್ಯದಿಂದ
ದಿನಾ ಬೆಳಗ್ಗೆ ಬೆನ್ನುದ್ದಕ್ಕೂ ತಟ್ಟಬೇಕು,
ಸಂತೆಯಲ್ಲಿ ಮಡಕೆ ತಟ್ಟುವ ಹಾಗೆ.
ಕಣಕಣ ಅಂದರೆ ಸರಿ.
ಒದ್ದೆ ಸೌದೆಯ ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ, ಹೋಗಬೇಡ.

ಮಾವ ಟೋಪಿಯ ಕಿವಿ ಎತ್ತಿದ. ಎಡಗಿವಿ ಮಂದ,
ಬಲಗಿವಿ ಕೊಟ್ಟು ತಟ್ಟುತ್ತ ಹೋದ.
ಬಾಲದ ಹತ್ತಿರ ನಿಂತ.
"ಇಲ್ಲಿ ಏನೋ ಅಂದ ಹಾಗಾಯಿತು."

ನಾನು ತಟ್ಟಿದೆ. ಮತ್ತೆ ತಟ್ಟಿದೆ.
ನಾಯಿ ಕೆಳಗಿಳಿದು
ಹಿಮದಲ್ಲಿ ಕೂತಿತು.